ಪೆವಿಲಿಯನ್ನಿನ ಅಭಿಮಾನ, ಹೊರಗಿನ ಬಾಳೂ

ನಿವೃತ್ತರಾದ ಆಟಗಾರರಲ್ಲಿ ಒಂದು ನಾಡು ಯಾರನ್ನು ನೆನೆಸುತ್ತದೆ, ಯಾರನ್ನು ಮರೆಯುತ್ತದೆ ಎನ್ನುವುದು ವಿಮರ್ಶೆಗೆ ಸೇರಿದ ಪ್ರಶ್ನೆ ಎಂದು ನಾವು ತಿಳಿದಿದ್ದೇವೆ. ಕವಿತೆ, ಕಾದಂಬರಿಗಳನ್ನು ಜಾತಿ-ವರ್ಗದ ಕಣ್ಣಿನಿಂದ ಓದುವ ವಿಮರ್ಶಕರೂ ಕ್ರಿಕೆಟ್ಟಿನ ನೆನಪು ಬಂದ ಕೂಡಲೇ ಮೆತ್ತಗಾಗುತ್ತಾರೆ. 'ಆಟದಾಗ ಯಾಕ ಜಾತಿ ತರ್ತೀರಿ' ಅನ್ನುತ್ತಾರೆ. ನಾವು ತರುವುದೇನೂ ಬೇಕಾಗಿಲ್ಲ, ಅದು ನಮಗಿಂತ ಮೊದಲೇ ಮೈದಾನಕ್ಕೆ ಬಂದು ಕುಂತದ. ಅಭಿಮಾನಿಯ ನೆನಪೂ ಒಂದು ಬಗೆಯ ಸಾಹಿತ್ಯವೇ. ಅದಕ್ಕೂ ಒಬ್ಬ ನಾಯಕ ಬೇಕು, ಕಥೆ ಬೇಕು, ಹೇಳುವ ಬಾಯಿ ಬೇಕು, ಅಚ್ಚು ಹಾಕುವ ಯಂತ್ರ ಬೇಕು. ಇವೆಲ್ಲ ಯಾರ ಕೈಯಲ್ಲಿ ಇವೆಯೋ ಅವರ ನೆನಪು ನಾಡಿನ ನೆನಪಾಗುತ್ತದೆ.

ಮೊದಲು ಪ್ರೀತಿಯ ಮಾತು ಹೇಳಿಬಿಡುತ್ತೇವೆ. ಗುಂಡಪ್ಪ ವಿಶ್ವನಾಥ್ ಅವರ ಮೇಲೆ ನಮಗೂ ಪ್ರೀತಿ ಇದೆ. 1949ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಈ ಗಿಡ್ಡ ಮನುಷ್ಯ 1967ರಲ್ಲಿ ತಾವು ಆಡಿದ ಮೊದಲ ರಣಜಿ ಪಂದ್ಯದಲ್ಲೇ ಆಂಧ್ರದ ವಿರುದ್ಧ 230 ಹೊಡೆದರು. 1969ರಲ್ಲಿ ಕಾನಪುರದಲ್ಲಿ ಆಸ್ಟ್ರೇಲಿಯಾದ ವಿರುದ್ಧ ಮೊದಲ ಟೆಸ್ಟು. ಮೊದಲ ಸಲ ಸೊನ್ನೆ, ಎರಡನೆಯ ಸಲ 137. 1975ರ ಜನವರಿಯಲ್ಲಿ ಮದರಾಸಿನಲ್ಲಿ ಆಂಡಿ ರಾಬರ್ಟ್ಸ್ ಒಂದು ಕಡೆಯಿಂದ ತಂಡವನ್ನೇ ಕೆಡವುತ್ತಿದ್ದಾಗ ಔಟಾಗದೆ 97. ಒಟ್ಟು 91 ಟೆಸ್ಟು, 6,080 ರನ್ನು, 14 ಶತಕ. 1983ರಲ್ಲಿ ಕೊನೆಯ ಟೆಸ್ಟು ಆಡಿದರು. ಅದಾಗಿ ನಾಲ್ಕು ದಶಕ ದಾಟಿದರೂ 'ವಿಶಿ' ಎಂಬ ಎರಡಕ್ಷರ ಕೇಳಿದರೆ ವಯಸ್ಸಾದವರ ಕಣ್ಣು ಅರಳುತ್ತವೆ. ಅವರು ಕೂತ ಕಡೆಯೇ ಮಣಿಕಟ್ಟು ತಿರುಗಿಸಿ ಸ್ಕ್ವೇರ್ ಕಟ್ ಹೊಡೆದು ತೋರಿಸುತ್ತಾರೆ.

ನಿಜಾಮನ ರಾಜ್ಯದಲ್ಲಿದ್ದು 1956ರಲ್ಲಿ ಮೈಸೂರಿಗೆ ಸೇರಿದ ನಮ್ಮ ಬೀದರ ಸೀಮೆಗೆ ಬೆಂಗಳೂರು ಯಾವತ್ತೂ ದೂರವೇ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಅದೇ ಹಂಗಾಮಿನಲ್ಲಿ ಪ್ರಸನ್ನ ನಾಯಕತ್ವದ ತಂಡ, ಹದಿನೈದು ವರ್ಷ ಬಿಡದೆ ರಣಜಿ ಗೆದ್ದಿದ್ದ ಮುಂಬಯಿಯನ್ನು ಸೆಮಿಫೈನಲ್ಲಿನಲ್ಲಿ ಕೆಡವಿ, ಆಮೇಲೆ ಕಪ್ಪು ಎತ್ತಿತು. ಆ ಸೆಮಿಫೈನಲ್ಲಿನಲ್ಲಿ ವಿಶ್ವನಾಥ್ 162. ನಿರ್ಣಾದ ಕಡೆ ಆಗ ರೇಡಿಯೋ ಇದ್ದ ಮನೆಗಳನ್ನು ಬೆರಳಿನಲ್ಲಿ ಎಣಿಸಬಹುದಿತ್ತಂತೆ. ಅಂಥ ಮನೆಯ ಕಟ್ಟೆಯ ಕೆಳಗೆ ನಿಂತು ಕಾಮೆಂಟ್ರಿ ಕೇಳಿದ್ದನ್ನು ನಮ್ಮ ಓಣಿಯ ಕಾಕಾ ಒಬ್ಬರು ಈಗಲೂ ಹೇಳುತ್ತಾರೆ: 'ಕಟ್ಟಿ ಮ್ಯಾಲ ಕುಂತವರಿಗೂ ಕೆಳಗ ನಿಂತವರಿಗೂ ಸ್ಕೋರು ಒಂದೇ ಇತ್ತು ನೋಡಪಾ, ಚಹಾ ಮಾತ್ರ ಮ್ಯಾಲಿನವರಿಗೆ.' ವಿಶ್ವನಾಥ್ ಆ ಕಾಕಾನಿಗೂ ಸೇರಿದವರು. ಈ ಪ್ರೀತಿಯನ್ನು ಮೇಲ್ಜಾತಿಯವರ ಚಟ ಎಂದು ತಳ್ಳಿಹಾಕುವುದು ನಮ್ಮವರ ಎದೆಗೇ ಸುಳ್ಳು ಹೇಳಿದಂತೆ.

ಆದರೆ ಈ ನೆನಪುಗಳನ್ನು ಬರೆದವರು ಯಾರು? ಕಟ್ಟೆಯ ಮೇಲೆ ಕುಂತವರು. ಅವರು ಬಳಸುವ ಮಾತುಗಳನ್ನು ಗಮನಿಸಬೇಕು: ಕಲಾವಿದ, ಸಜ್ಜನ, ಮೃದುಸ್ವಭಾವದ ಮನುಷ್ಯ. ಎಲ್ಲಕ್ಕಿಂತ ಹೆಚ್ಚು ಸಲ ಹೇಳುವ ಕಥೆ 1980ರ ಫೆಬ್ರವರಿಯದು. ಮುಂಬಯಿಯಲ್ಲಿ ಇಂಗ್ಲೆಂಡಿನ ವಿರುದ್ಧ ಸುವರ್ಣ ಮಹೋತ್ಸವದ ಟೆಸ್ಟು, ವಿಶ್ವನಾಥ್ ನಾಯಕ. ಅಂಪೈರು ಔಟು ಕೊಟ್ಟ ಬಾಬ್ ಟೇಲರನನ್ನು, ಚೆಂಡು ಬ್ಯಾಟಿಗೆ ತಾಕಿಲ್ಲವೆಂದು ನಾಯಕರೇ ಮರಳಿ ಕರೆದರು. ಟೇಲರ್ ನಿಂತ, ಬೋಥಮ್ ಶತಕ ಹೊಡೆದ, ಹದಿಮೂರು ವಿಕೆಟ್ಟೂ ಕಿತ್ತ. ಭಾರತ ಹತ್ತು ವಿಕೆಟ್ಟಿನಿಂದ ಸೋತಿತು. ಅಭಿಮಾನಿಗಳು ಈ ಸೋಲನ್ನು ಗೆಲುವಿಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಇದು ದೊಡ್ಡ ಗುಣವೇ. ನಾವು ಕೇಳುವುದು ಇಷ್ಟೇ: ಎದುರಾಳಿಗೆ ನ್ಯಾಯ ಕೊಟ್ಟ ಒಂದು ಮಧ್ಯಾಹ್ನವನ್ನು ಇಷ್ಟು ಚೆಂದ ನೆನಪಿಟ್ಟ ನಾಡಿಗೆ, ಸ್ವಂತ ತಂಡದವನಿಗೇ ನ್ಯಾಯ ಕೊಡದ ಇಪ್ಪತ್ತು ವರ್ಷ ಹೇಗೆ ಮರೆತುಹೋದವು?

ಆ ಇಪ್ಪತ್ತು ವರ್ಷ ಪಾಲವಣಕರ ಬಾಳೂ ಅವರದು. ನಾವು ಬಿ.ಎ. ಮುಗಿಸುವ ತನಕ ಓದಿದ ಯಾವ ಪಾಠದಲ್ಲೂ ಈ ಹೆಸರು ಬರಲಿಲ್ಲ. ಬಾಳೂ ಹುಟ್ಟಿದ್ದು ಧಾರವಾಡದಲ್ಲಿ, 1870ರ ದಶಕದ ನಡುವೆ. ಮನೆತನ ಕೊಂಕಣದ ಪಾಲವಣ ಊರಿನದು, ಜಾತಿ ಚಮ್ಮಾರರದು. ಅಪ್ಪ ಸೈನ್ಯದಲ್ಲಿ ಚಾಕರಿಗಿದ್ದ. ಪುಣೆಯಲ್ಲಿ ಪಾರ್ಸಿಗಳ ಕ್ಲಬ್ಬಿನಲ್ಲಿ ಪಿಚ್ಚು ಗುಡಿಸಿ, ರೋಲರ್ ಎಳೆಯುವ ಕೆಲಸ ಬಾಳೂಗೆ ಸಿಕ್ಕಿತು. ತಿಂಗಳಿಗೆ ಮೂರು ರೂಪಾಯಿ. ಆಮೇಲೆ ಬಿಳಿಯರ ಪೂನಾ ಕ್ಲಬ್ಬಿನಲ್ಲಿ ನಾಲ್ಕು ರೂಪಾಯಿ. ನೆಟ್ಟು ಕಟ್ಟುವುದು, ಗೆರೆ ಹಾಕುವುದು, ಸಾಹೇಬರು ಬ್ಯಾಟು ಹಿಡಿದು ಬಂದರೆ ಅವರಿಗೆ ಎಡಗೈಯಲ್ಲಿ ಚೆಂಡು ಎಸೆಯುವುದು. ಗ್ರೇಗ್ ಎಂಬ ಇಂಗ್ಲಿಷ್ ಆಟಗಾರ ತನ್ನನ್ನು ಔಟು ಮಾಡಿದ ಪ್ರತಿ ಸಲ ಎಂಟಾಣೆ ಕೊಡುತ್ತಿದ್ದನೆಂದು ಕಥೆಯಿದೆ. ಆದರೆ ಅಲ್ಲಿ ಇದ್ದಷ್ಟು ವರ್ಷ ಬಾಳೂ ಕೈಗೆ ಬ್ಯಾಟು ಕೊಡಲಿಲ್ಲ. ಬ್ಯಾಟಿಂಗು ದೊರೆಗಳದು, ಬೌಲಿಂಗು ಆಳುಗಳದು. ಮಣಿಕಟ್ಟಿನ ಕಲೆಯನ್ನು ಹೊಗಳುವವರು ಈ ಶ್ರಮ ವಿಭಜನೆಯನ್ನೂ ಸ್ವಲ್ಪ ನೋಡಬೇಕು.

ಬಿಳಿಯರನ್ನು ಸೋಲಿಸಲು ಪುಣೆಯ ಹಿಂದೂಗಳಿಗೆ ಆ ಎಡಗೈ ಬೇಕಾಯಿತು. ಚರ್ಚೆ ಮಾಡಿ, ತಕರಾರು ತೆಗೆದು, ಕಡೆಗೆ ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಮುಟ್ಟಿದ ಚೆಂಡನ್ನೇ ಬಾಳೂ ಮುಟ್ಟಬಹುದು. ಚಹಾದ ಹೊತ್ತಿಗೆ ಮಾತ್ರ ಪೆವಿಲಿಯನ್ನಿನ ಹೊರಗೆ, ಕುಡಿದು ಬಿಸಾಕುವ ಮಣ್ಣಿನ ಕುಡಿಕೆಯಲ್ಲಿ. ಊಟ ಬೇರೆ ಕಡೆ. ಜೊತೆಗೆ ಆಡಲು ಆಗುವವರಿಗೆ ಜೊತೆಗೆ ಉಣ್ಣಲು ಏನಡ್ಡಿ ಎಂಬ ಅರ್ಥದಲ್ಲಿ ನ್ಯಾಯಮೂರ್ತಿ ರಾನಡೆ ಆಟಗಾರರನ್ನು ತರಾಟೆಗೆ ತೆಗೆದುಕೊಂಡರಂತೆ. ಅಡ್ಡಿ ಏನೆಂಬುದು ರಾನಡೆಯವರಿಗೂ ಗೊತ್ತಿತ್ತು, ಆಟಗಾರರಿಗೂ ಗೊತ್ತಿತ್ತು.

ಇಲ್ಲಿ ನಮ್ಮ ಸೀಮೆಯ ಒಂದು ನೆನಪು ಬರುತ್ತದೆ. ನಿರ್ಣಾದಿಂದ ಬಹಳ ದೂರವಿಲ್ಲದ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಸಮಗಾರ ಹರಳಯ್ಯ ಇದ್ದ. ಅವನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಅಪ್ಪಂದಿರಿಬ್ಬರಿಗೂ ಎಳೆಹೂಟೆ ಶಿಕ್ಷೆಯಾಯಿತು ಎಂದು ಶರಣ ಪರಂಪರೆ ಹೇಳುತ್ತದೆ. ಹರಳಯ್ಯ ಮಾಡಿದ ಚಮ್ಮಾವುಗೆ ಬೇಕು, ಹರಳಯ್ಯನ ಬೀಗತನ ಬೇಡ. ಕ್ರಿಕೆಟ್ಟಿನ ಚೆಂಡೂ ಚರ್ಮದ್ದೇ. ಸುಲಿದ ಕೈ, ಹದ ಮಾಡಿದ ಕೈ, ಹೊಲಿದ ಕೈ ಯಾವುದೆಂದು ಕೇಳದೆ ಅದನ್ನು ತೊಡೆಗೆ ಉಜ್ಜಿ ಹೊಳಪು ಬರಿಸುತ್ತಾರೆ. ಆ ಕೈ ಚಹಾದ ಬಟ್ಟಲಿಗೆ ಬಂದಾಗ ಮೈಲಿಗೆ ನೆನಪಾಗುತ್ತದೆ.

ಮುಂದಿನದು ಅಂಕಿಗಳಲ್ಲಿದೆ. ಪ್ಲೇಗಿನ ಕಾಲದಲ್ಲಿ ಮುಂಬಯಿಗೆ ಹೋದ ಬಾಳೂ ಅಲ್ಲಿಯ ಹಿಂದೂ ಜಿಮಖಾನಾಕ್ಕೆ ಆಡಿದರು. 1906ರಲ್ಲಿ ಹಿಂದೂಗಳು ಯುರೋಪಿಯನ್ನರನ್ನು 109 ರನ್ನಿನಿಂದ ಸೋಲಿಸಿದರು. ಬಾಳೂಗೆ ಎಂಟು ವಿಕೆಟ್ಟು. ತಮ್ಮ ಶಿವರಾಮನೂ ಆ ತಂಡದಲ್ಲಿದ್ದ. 1911ರಲ್ಲಿ ಪಟಿಯಾಲಾ ಮಹಾರಾಜನ ತಂಡ ಇಂಗ್ಲೆಂಡಿಗೆ ಹೋಗಿ ಸಾಲುಸಾಲಾಗಿ ಸೋತಾಗ ಬಾಳೂ ಒಬ್ಬರೇ ಆ ಪ್ರವಾಸದಲ್ಲಿ 114 ವಿಕೆಟ್ಟು ಕಿತ್ತರು. ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟ್ಟು, ಒಂದೊಂದಕ್ಕೆ ಸರಾಸರಿ 15 ರನ್ನು ಚಿಲ್ಲರೆ. ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಕೊಡಲಿಲ್ಲ. 1920ರಲ್ಲಿ ತಂಡದಿಂದಲೇ ಕೈಬಿಟ್ಟಾಗ ತಮ್ಮಂದಿರಾದ ಶಿವರಾಮ, ವಿಠ್ಠಲ ನಾವೂ ಆಡುವುದಿಲ್ಲ ಎಂದು ಹೊರಗೆ ನಿಂತರು. ಆಮೇಲೆ ಅಣ್ಣನಿಗೆ ಉಪನಾಯಕತ್ವ ಸಿಕ್ಕಿತು. 1923ರಲ್ಲಿ ವಿಠ್ಠಲ ನಾಯಕನಾದ, ಹಿಂದೂಗಳು ಗೆದ್ದರು.

ಇಂಗ್ಲಿಷಿನಲ್ಲಿ ಬಾಳೂವನ್ನು ಈಗ ನೆನೆಸುವವರು ಅನೇಕರು ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ತಮ್ಮ ನಾಯಕನಾದ, ಜನ ಹೆಗಲ ಮೇಲೆ ಹೊತ್ತರು, ಆಟ ಜಾತಿಯನ್ನು ಗೆದ್ದಿತು, ಶುಭಂ. 'ಪ್ರತಿಭೆ ಇದ್ದರ ಯಾರೂ ತಡಿಯೂದಿಲ್ಲ' ಎಂದು ಮೀಸಲಾತಿಯ ವಿರುದ್ಧ ಭಾಷಣ ಮಾಡುವವರಿಗೂ ಈ ಕಥೆ ಉಪಯೋಗಕ್ಕೆ ಬರುತ್ತದೆ. ನಾವು ಅದೇ ಕಥೆಯಿಂದ ಬೇರೆ ಲೆಕ್ಕ ತೆಗೆಯುತ್ತೇವೆ. 179 ವಿಕೆಟ್ಟಿನ ಪ್ರತಿಭೆಗೆ ನಾಯಕತ್ವ ಸಿಗಲಿಲ್ಲ. ಉಪನಾಯಕತ್ವ ಸಿಕ್ಕಿದ್ದು ತಮ್ಮಂದಿರು ಮುಷ್ಕರ ಹೂಡಿದ ಮೇಲೆ. ಹಾಗಾದರೆ ಈ ಕಥೆಯಲ್ಲಿ ಗೆದ್ದದ್ದು ಪ್ರತಿಭೆಯೋ, ಸಂಘಟನೆಯೋ?

ಇನ್ನೊಂದು ಆಕ್ಷೇಪ ನಮ್ಮ ಕನ್ನಡದ ಗೆಳೆಯರದು. ಬಾಳೂ ಮರಾಠಿ ಮನೆಯವ, ಹುಟ್ಟಿದ್ದಷ್ಟೇ ಧಾರವಾಡದಲ್ಲಿ, ಅವನ ನೆನಪು ಕನ್ನಡಿಗರಿಗೆ ಯಾಕೆ? ಪುಣೆಯಲ್ಲಿ ಬದುಕು ಕಟ್ಟಿಕೊಂಡ ಭೀಮಸೇನ ಜೋಶಿ ನಮ್ಮ ಗದಗಿನವರು ಎಂದು ಎದೆ ತಟ್ಟಿ ಹೇಳುತ್ತೇವೆ, ಹೇಳಬೇಕು. ಅವರ ಮನೆಮಾತು ಕನ್ನಡ ಎಂಬ ವ್ಯತ್ಯಾಸವನ್ನೂ ಒಪ್ಪುತ್ತೇವೆ. ಆದರೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು ಕೇಳಿ ಬೆಳೆದ ಹುಮನಾಬಾದ, ಬಸವಕಲ್ಯಾಣದ ಕಡೆಯವರಿಗೆ ಈ ಬೇಲಿ ಅಷ್ಟು ಗಟ್ಟಿಯಾಗಿ ಕಾಣುವುದಿಲ್ಲ. ಹೊಟ್ಟೆಪಾಡಿಗೆ ಪುಣೆ, ಮುಂಬಯಿ, ಹೈದರಾಬಾದಿಗೆ ಗುಳೆ ಹೋಗುವವರ ಮಕ್ಕಳು ಎಲ್ಲಿ ಹುಟ್ಟುತ್ತಾರೋ ಎಲ್ಲಿ ಬೆಳೆಯುತ್ತಾರೋ ಯಾರಿಗೆ ಗೊತ್ತು? ಚಾಕರಿ ಕರೆದಲ್ಲಿಗೆ ಹೋದ ಕುಟುಂಬಕ್ಕೆ 'ನಿನ್ನ ಭಾಷೆ ಯಾವುದು, ಆಮೇಲೆ ನೆನೆಸುತ್ತೇವೆ' ಅನ್ನುವುದು ನಮಗೆ ಸರಿ ಕಾಣುವುದಿಲ್ಲ.

ಬಾಳೂಗೆ ಅಭಿಮಾನಿಗಳೇ ಇರಲಿಲ್ಲವೆಂದಲ್ಲ. ಅವರಲ್ಲಿ ಒಬ್ಬ ಕಾಲೇಜು ಹುಡುಗ ಭೀಮರಾವ್ ಅಂಬೇಡ್ಕರ್. 1911ರಲ್ಲಿ ಇಂಗ್ಲೆಂಡಿನಿಂದ ಮರಳಿದ ಬಾಳೂಗೆ ಮುಂಬಯಿಯ ಅಸ್ಪೃಶ್ಯರು ಸನ್ಮಾನ ಮಾಡಿದಾಗ ಮಾನಪತ್ರ ಸಿದ್ಧಪಡಿಸಿದವರು ಅವರೇ ಎಂದು ಹೇಳುತ್ತಾರೆ. ಆಗ ಆ ಮಾನಪತ್ರ ಕೇಳಿದವರಲ್ಲಿ ಎಷ್ಟು ಮಂದಿಗೆ ಅಕ್ಷರ ಬರುತ್ತಿತ್ತು? ಅವರ ನೆನಪನ್ನು ಅಚ್ಚು ಹಾಕುವವರು ಯಾರಿದ್ದರು? ತಮ್ಮ ವಿಠ್ಠಲ 1948ರಲ್ಲಿ ಮರಾಠಿಯಲ್ಲಿ ಆತ್ಮಕಥೆ ಬರೆದರು. 1955ರಲ್ಲಿ ಬಾಳೂ ತೀರಿಕೊಂಡರು. 2002ರಲ್ಲಿ ರಾಮಚಂದ್ರ ಗುಹ ಇಂಗ್ಲಿಷಿನಲ್ಲಿ ಕ್ರಿಕೆಟ್ಟಿನ ಚರಿತ್ರೆ ಬರೆದು ಈ ಅಣ್ಣತಮ್ಮಂದಿರನ್ನು ಮತ್ತೆ ಮುಂದೆ ತಂದರು. ಅದು ಉಪಕಾರವೇ. ಆದರೆ ನಮ್ಮವನ ಸುದ್ದಿ ನಮ್ಮ ಓಣಿಗೆ ಇಂಗ್ಲಿಷಿನಿಂದ ಬರಬೇಕಾಯಿತು ಎಂಬುದು ಕನ್ನಡದ ಪತ್ರಿಕೆಗಳಿಗೆ ಸಲ್ಲಬೇಕಾದ ಪ್ರಶ್ನೆ.

ಈಗ ನಮ್ಮೊಳಗಿನ ಕಠಿಣ ಮಾತು. 1932ರಲ್ಲಿ ಬಾಳೂ ಪ್ರತ್ಯೇಕ ಮತಕ್ಷೇತ್ರದ ಬೇಡಿಕೆಯನ್ನು ಒಪ್ಪಲಿಲ್ಲ, ಗಾಂಧೀಜಿ ಪರ ನಿಂತರು. ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಅವರನ್ನು ಮುಂಬಯಿಯಲ್ಲಿ ಅಂಬೇಡ್ಕರ್ ವಿರುದ್ಧವೇ ನಿಲ್ಲಿಸಿತು. ಅಂಬೇಡ್ಕರ್‌ಗೆ 13,245 ಮತ, ಬಾಳೂಗೆ 11,225. 'ಬಾಬಾಸಾಹೇಬರ ಎದುರು ನಿಂತಾವನ ಫೋಟೋ ನಮಗ್ಯಾಕ' ಎಂದು ನಮ್ಮ ಗೆಳೆಯರೇ ಕೇಳಿದ್ದಾರೆ. ಕೇಳಲಿ. ಇದನ್ನು ಮುಚ್ಚಿಟ್ಟು ಬಾಳೂವನ್ನು ಮೆರವಣಿಗೆ ಮಾಡಿದರೆ ಪುರೋಹಿತರ ಪುರಾಣಕ್ಕೂ ನಮ್ಮ ಚರಿತ್ರೆಗೂ ಏನು ವ್ಯತ್ಯಾಸ ಉಳಿಯಿತು? ದಲಿತರಿಗೆ ಸ್ವತಂತ್ರ ದನಿ ಬೇಕೆಂಬ ಹೋರಾಟದಲ್ಲಿ ಬಾಳೂ ಆ ದನಿಯ ಎದುರು ಪಕ್ಷದಲ್ಲಿ ನಿಂತರು. ಅದು ತಪ್ಪು ಎಂದೇ ನಮ್ಮ ನಿಲುವು.

ಆದರೆ ತಪ್ಪು ಎಂದ ಕೂಡಲೇ ಮರೆಯಬೇಕೆ? ಮಾನಪತ್ರ ಬರೆದ ಕೈ ಚುನಾವಣೆಯಲ್ಲಿ ಅದೇ ಮನುಷ್ಯನನ್ನು ಸೋಲಿಸಿತು. ಗೌರವ ಇದೆಯೆಂದು ಅಂಬೇಡ್ಕರ್ ರಾಜಕೀಯ ಬಿಟ್ಟುಕೊಡಲಿಲ್ಲ. ರಾಜಕೀಯದಲ್ಲಿ ಸೋಲಿಸಿದರೆಂದು ಬಾಳೂ ಅವರ ಎಡಗೈಯ ಕಸುವು ಸುಳ್ಳಾಗಲೂ ಇಲ್ಲ. ಈ ದೇಶದ ಅಭಿಮಾನ ಬಲು ಬೇಗ ಭಕ್ತಿಯಾಗುತ್ತದೆ. ಭಕ್ತಿಯಲ್ಲಿ ಎರಡೇ ಇರುತ್ತವೆ, ಪೂಜೆ ಅಥವಾ ಬಹಿಷ್ಕಾರ. ಅಂಬೇಡ್ಕರ್ ಮಾಡಿ ತೋರಿಸಿದ್ದು ಮೂರನೆಯ ದಾರಿ. ದುಡಿಮೆಗೆ ಗೌರವ, ನಿಲುವಿಗೆ ಜಗಳ. ವಿಶ್ವನಾಥ್ ಅವರ ಅಭಿಮಾನಿಗಳು ಒಂದು ಸೋಲನ್ನು ಪ್ರೀತಿಯಿಂದ ಇಟ್ಟುಕೊಂಡರು. ನಾವು ಬಾಳೂ ಅವರ ಗೆಲುವನ್ನೂ ಅವರ ತಪ್ಪನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು. ಇದು ಹೆಚ್ಚು ಕಷ್ಟದ ಅಭಿಮಾನ, ಆದರೆ ಸ್ವಾಭಿಮಾನಕ್ಕೆ ಹತ್ತಿರದ್ದು.

ಏಪ್ರಿಲ್ 14ರ ಜಯಂತಿಗೆ ನಮ್ಮ ಕಡೆ ಹುಡುಗರು ತೊಗರಿ ಕಿತ್ತ ಹೊಲದಲ್ಲಿ ಟೆನ್ನಿಸ್ ಚೆಂಡಿನ ಟೂರ್ನಮೆಂಟು ಇಡುತ್ತಾರೆ. ಅಂಗಿಯ ಬೆನ್ನಿಗೆ ಧೋನಿ, ಕೊಹ್ಲಿಯರ ಹೆಸರು. ಇರಲಿ, ಯಾರೂ ತೆಗೆಯುವುದು ಬೇಡ. ಅದೇ ಮೈಕಿನಲ್ಲಿ, ಆಟ ಶುರುವಾಗುವ ಮೊದಲು, ಮೂರು ರೂಪಾಯಿ ಪಗಾರದ ಬಾಳೂ, ಮಣ್ಣಿನ ಕುಡಿಕೆ, 114 ವಿಕೆಟ್ಟು, ತಮ್ಮಂದಿರ ಮುಷ್ಕರ, 1937ರ ಮತಗಳು ಎಲ್ಲವನ್ನೂ ನಮ್ಮ ಮಾತಿನಲ್ಲೇ ಹತ್ತು ನಿಮಿಷ ಹೇಳಬೇಕು. ಕಟ್ಟೆಯ ಕೆಳಗೆ ನಿಂತು ರೇಡಿಯೋ ಕೇಳಿದ ಕಾಕಾಗಳ ನೆನಪನ್ನು ಅವರು ಇರುವಾಗಲೇ ಬರೆದುಕೊಳ್ಳಬೇಕು. ವಿಠ್ಠಲರ ಮರಾಠಿ ಪುಸ್ತಕವನ್ನು ಕನ್ನಡಕ್ಕೆ ತರಲು ಗಡಿಯ ನಮ್ಮಂಥ ಊರುಗಳಲ್ಲಿ ಎರಡೂ ಭಾಷೆ ಬಲ್ಲವರಿಗೆ ಬರವಿಲ್ಲ. ಧಾರವಾಡದ ಗೆಳೆಯರು ತಮ್ಮ ಊರಿನಲ್ಲಿ ಹುಟ್ಟಿದ ಈ ಮನುಷ್ಯನಿಗಾಗಿ ಏನು ಮಾಡುತ್ತಾರೆಂದು ಈ ಪತ್ರಿಕೆಯ ಮೂಲಕ ಕೇಳುತ್ತಿದ್ದೇವೆ. ಉತ್ತರ ಬರೆಯಿರಿ.