ಬಿಳಿ ಚೌಕದ ಹಿಂದಿನ ದನಿ

ವರ್ಷಗಟ್ಟಲೆ ಸುಮ್ಮನಿದ್ದ ರಾಕ್ ಗಾಯಕ ಮತ್ತೆ ಆಲ್ಬಂ ತಂದ ಅಂದಕೂಡಲೇ ಹೊಸಬರು ನೇರವಾಗಿ ಅದನ್ನೇ ಹಾಕಿಕೊಂಡು ಕೂರುತ್ತಾರೆ. ಡೇವಿಡ್ ಬೋವಿಯ ‘ದಿ ನೆಕ್ಸ್ಟ್ ಡೇ’ (2013) ಕೇಳುವುದಾದರೆ ಹಾಗೆ ಮಾಡಬೇಡಿ. 1977ರ ‘ಹೀರೋಸ್’ ಹಾಡಿನಿಂದ ಶುರು ಮಾಡಿ. ಕಾರಣ ಹೊಸ ಆಲ್ಬಂನ ಮುಖಪುಟದಲ್ಲೇ ಇದೆ: ‘ಹೀರೋಸ್’ ಆಲ್ಬಂನ ಅದೇ ಕಪ್ಪು-ಬಿಳುಪು ಫೋಟೊ, ಹಳೆಯ ಹೆಸರಿನ ಮೇಲೊಂದು ಗೀಟು, ಮುಖದ ಮೇಲೆ ಬಿಳಿ ಚೌಕ, ಅದರೊಳಗೆ ಹೊಸ ಹೆಸರು.

ಆ ಹಳೆಯ ಹಾಡು ಹುಟ್ಟಿದ್ದು ಬರ್ಲಿನ್ ಗೋಡೆಗೆ ಹತ್ತಿರದ ಹಾನ್ಸಾ ಸ್ಟುಡಿಯೊದಲ್ಲಿ. ನಿರ್ಮಾಪಕ ಟೋನಿ ವಿಸ್ಕಾಂಟಿ ಮೂರು ಮೈಕ್ ಇಟ್ಟಿದ್ದ: ಒಂದು ಬಾಯಿಯ ಹತ್ತಿರ, ಇನ್ನೊಂದು ಸುಮಾರು 20 ಅಡಿ ಆಚೆ, ಮೂರನೆಯದು 50 ಅಡಿ ಆಚೆ. ದೂರದವು ದನಿ ಏರಿದಾಗ ಮಾತ್ರ ತೆರೆದುಕೊಳ್ಳುತ್ತಿದ್ದವು. ಹೆಡ್‌ಫೋನ್ ಹಾಕಿ ಕೇಳಿ. ಮೊದಲು ಕಿವಿಯ ಪಕ್ಕದಲ್ಲೇ ಮಾತಾಡಿದಂತೆ ಹಾಡುವ ಮೂವತ್ತರ ಬೋವಿ ಕೊನೆಕೊನೆಗೆ ಕೂಗುತ್ತಾನೆ, ಇಡೀ ಹಾಲ್ ಅವನೊಂದಿಗೆ ಮೊಳಗುತ್ತದೆ.

ಈಗ ಬೇರೇನನ್ನೂ ಕೇಳದೆ ಹೊಸ ಆಲ್ಬಂನ ‘ವೇರ್ ಆರ್ ವೀ ನೌ?’ ಹಾಕಿ. 2004ರಲ್ಲಿ ಹೃದಯದ ತೊಂದರೆಯಿಂದ ಪ್ರವಾಸ ನಿಲ್ಲಿಸಿದ ಬೋವಿ ಆಮೇಲೆ ಹೊಸ ಆಲ್ಬಂ ತಂದಿರಲಿಲ್ಲ. ನ್ಯೂಯಾರ್ಕಿನಲ್ಲಿ ಗುಟ್ಟಾಗಿ ರೆಕಾರ್ಡಿಂಗ್ ನಡೆದದ್ದು ಹೊರಗೆ ಯಾರಿಗೂ ತಿಳಿಯಲಿಲ್ಲ. 2013ರ ಜನವರಿ 8ರಂದು, ಅವನ 66ನೇ ಹುಟ್ಟುಹಬ್ಬಕ್ಕೆ, ಈ ಹಾಡು ಥಟ್ಟನೆ ಬಂತು. ಮತ್ತೆ ಬರ್ಲಿನ್ನೇ. ಗೋಡೆಯ ಕಾಲದಲ್ಲಿ ರೈಲು ನಿಲ್ಲದಿದ್ದ ಪಾಟ್ಸ್‌ಡಾಮರ್ ಪ್ಲಾಟ್ಸ್‌ನಲ್ಲಿ ಈಗ ರೈಲು ಸಿಗುತ್ತದೆ, ಹತ್ತುವವನಿಗೆ ವಯಸ್ಸಾಗಿದೆ. ದನಿ ತೆಳುವಾಗಿದೆ, ಸಾಲಿನ ಕೊನೆಗೆ ತುಸು ನಡುಗುತ್ತದೆ. (ನಮ್ಮ ಬೈಠಕ್‌ಗಳಲ್ಲಿ ಎಪ್ಪತ್ತು ದಾಟಿದವರ ದನಿ ಒಡೆದರೂ ‘ಆಹಾ’ ಅನ್ನುತ್ತೇವೆ. ರಾಕ್‌ನವನಿಗೆ ಮಾತ್ರ ಹರೆಯದ ಗಂಟಲೇ ಬೇಕೆನ್ನುವುದು ಯಾವ ನ್ಯಾಯ?)

‘ಪಾಪ, ಮುದುಕನಾದ’ ಎಂದು ಕಣ್ಣೊರೆಸಿಕೊಳ್ಳುವ ಮುನ್ನ ಆಲ್ಬಂನ ಮೊದಲ ಹಾಡಿಗೆ ಬನ್ನಿ. ಗಿಟಾರ್‌ಗಳು ನುಗ್ಗುತ್ತವೆ, ಅದೇ ಮನುಷ್ಯ ಹಲ್ಲು ಕಡಿದು ಅಬ್ಬರಿಸುತ್ತಾನೆ. ಅಂದರೆ ಗಂಟಲಲ್ಲಿ ಕಸುವಿತ್ತು, ಆ ನಡುಕ ಬೇಕೆಂದೇ ಹಚ್ಚಿಕೊಂಡ ಬಣ್ಣ. ಬೋವಿ ಯಾವತ್ತೂ ವೇಷಗಾರನೇ. ಹಿಂದೆ ಅನ್ಯಗ್ರಹದವನ ವೇಷ ಹಾಕಿದ್ದವನು ಇಲ್ಲಿ ಮುದುಕನ ವೇಷ ಹಾಕಿದ್ದಾನೆ, ಅಷ್ಟೆ. ಈ ಎರಡು ಹಾಡುಗಳನ್ನು ಒಂದರ ಬೆನ್ನಿಗೆ ಇನ್ನೊಂದು ಕೇಳಿದವರಿಗೆ ಅರ್ಧ ಆಲ್ಬಂ ದಕ್ಕಿದಂತೆ.

ಹದಿನಾಲ್ಕು ಹಾಡುಗಳನ್ನೂ ಒಂದೇ ಪಟ್ಟಿಗೆ ಕೂತು ಮುಗಿಸುವ ಹಟ ಬೇಡ. ನಡುವಿನ ಒಂದೆರಡನ್ನು ನಾನೇ ಹಾರಿಸುತ್ತೇನೆ. ‘ಡರ್ಟಿ ಬಾಯ್ಸ್’ನಲ್ಲಿ ತೂರಾಡುತ್ತ ಬರುವ ದಪ್ಪ ದನಿಯ ಸ್ಯಾಕ್ಸೊಫೋನನ್ನು ಮಾತ್ರ ಬಿಡಬೇಡಿ. ಕೊನೆಯಿಂದ ಎರಡನೆಯ ಹಾಡು ಮುಗಿಯಿತೆಂದು ತಕ್ಷಣ ಮುಂದಕ್ಕೆ ಹೋಗಲೂಬೇಡಿ. ಉಳಿದ ವಾದ್ಯಗಳೆಲ್ಲ ಸರಿದ ಮೇಲೆ ಒಂಟಿ ಡ್ರಮ್ ಬಡಿತ ಉಳಿಯುತ್ತದೆ: ಬೋವಿಯದೇ 1972ರ ‘ಫೈವ್ ಇಯರ್ಸ್’ ಶುರುವಾಗುವ ಬಡಿತವೇ ಅದು.