ಗಿಮ್ಲೆಟ್ಟಿನ ಗುಣವಿಚಾರ

ಕೆಲವೇ ಪದಾರ್ಥಗಳಿಂದ ಸಿದ್ಧವಾಗುವ ಪಾನೀಯವು ಸುಲಭಸಾಧ್ಯವೆಂದು ತೋರುವುದು ಸಹಜವಾದರೂ, ಒಂದರ ದೋಷವನ್ನು ಮತ್ತೊಂದು ಮರೆಮಾಚುವ ಅವಕಾಶ ಅಲ್ಲಿ ಇಲ್ಲದಿರುವುದರಿಂದ, ವಸ್ತುತಃ ಅದೇ ಹೆಚ್ಚು ಕಠಿನವಾದುದು. ಜಿನ್, ನಿಂಬೆ, ಸಕ್ಕರೆ ಎಂಬ ಮೂರರಿಂದಲೇ ಆಗುವ ಗಿಮ್ಲೆಟ್ ಇದಕ್ಕೆ ಉತ್ತಮ ನಿದರ್ಶನ. ಇದನ್ನು ಮನೆಯಲ್ಲಿ ಮಾಡಿಕೊಳ್ಳುವವರಲ್ಲಿ ಎರಡು ಪಂಥಗಳುಂಟು: ಸೀಸೆಯಲ್ಲಿ ದೊರೆಯುವ ಕಾರ್ಡಿಯಲ್ ಎಂಬ ನಿಂಬೆಯ ಸಿಹಿರಸವನ್ನೇ ಬೆರೆಸಬೇಕೆನ್ನುವವರದು ಒಂದು, ಆಗತಾನೆ ಹಿಂಡಿದ ರಸಕ್ಕೆ ಸಕ್ಕರೆಯ ಪಾಕ ಕೂಡಿಸಿದರೆ ಸಾಕೆನ್ನುವವರದು ಇನ್ನೊಂದು. ಎರಡರಲ್ಲಿಯೂ ಇರುವುದು ಅರ್ಧಸತ್ಯವೆಂದೂ, ಆ ಅರ್ಧಗಳನ್ನು ಕೂಡಿಸಲು ಮನೆಯ ಅಡುಗೆಕೋಣೆಯೇ ತಕ್ಕ ಸ್ಥಳವೆಂದೂ ನನ್ನ ದೃಢವಾದ ಅಭಿಪ್ರಾಯ.

ಈ ಪಾನೀಯದ ವಂಶವೃತ್ತಾಂತವು ಆರಂಭವಾಗುವುದು ಕಡಲಯಾನದ ವ್ಯಾಧಿಯೊಂದರಿಂದ. ತಿಂಗಳುಗಟ್ಟಲೆ ತಾಜಾ ಹಣ್ಣು ತರಕಾರಿಗಳನ್ನು ಕಾಣದ ನಾವಿಕರ ಒಸಡುಗಳನ್ನು ಕೊಳೆಯಿಸಿ, ಮಾಗಿದ ಗಾಯಗಳನ್ನು ಮರಳಿ ಬಾಯಿಬಿಡಿಸಿ, ಕೊನೆಗೆ ಪ್ರಾಣವನ್ನೇ ಅಪಹರಿಸುತ್ತಿದ್ದ ಸ್ಕರ್ವಿ ರೋಗಕ್ಕೆ ಕಿತ್ತಳೆ ನಿಂಬೆಗಳೇ ಮದ್ದೆಂಬುದನ್ನು ಜೇಮ್ಸ್ ಲಿಂಡ್ ಎಂಬ ವೈದ್ಯನು 1747ರಲ್ಲಿ, ಯುದ್ಧನೌಕೆಯೊಂದರ ಹನ್ನೆರಡು ಮಂದಿ ರೋಗಿಗಳಲ್ಲಿ ಪರೀಕ್ಷಿಸಿ ಕಂಡುಕೊಂಡನು. 1795ರಿಂದ ಬ್ರಿಟಿಷ್ ನೌಕಾಪಡೆಯಲ್ಲಿ ನಿಂಬೆಯ ರಸವನ್ನು ಹಂಚುವುದು ರೂಢಿಯಾಯಿತು. ಆದರೆ ರಸವು ಕೆಡದಂತೆ ಉಳಿಯಬೇಕಾದರೆ ಅದಕ್ಕೆ ಮದ್ಯವನ್ನು ಬೆರೆಸಬೇಕಾಗಿದ್ದಿತು. ಸ್ಕಾಟ್ಲೆಂಡಿನ ಲೀತ್ ಬಂದರಿನ ಲಾಕ್ಲನ್ ರೋಸ್ ಎಂಬಾತನು 1867ರಲ್ಲಿ ಮದ್ಯವಿಲ್ಲದೆಯೇ ಅದನ್ನು ಕಾಪಿಡುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಅದೇ ವರ್ಷ ಬ್ರಿಟನ್ನಿನ ವ್ಯಾಪಾರಿ ಹಡಗುಗಳಲ್ಲಿಯೂ ನಿಂಬೆಯ ರಸವನ್ನು ಕೊಡಬೇಕೆಂದು ಕಾಯಿದೆಯಾಯಿತು. ಸಿಹಿಗೂಡಿ ಕಾರ್ಡಿಯಲ್ಲಾದ ರೋಸನ ರಸವು ನೌಕಾಪಡೆಯ ಅಧಿಕಾರಿಗಳ ಜಿನ್ನಿನೊಡನೆ ಸೇರಿದಾಗ ಗಿಮ್ಲೆಟ್ ರೂಪುಗೊಂಡಿತು.

1920ರ ದಶಕದಲ್ಲಿ ಹ್ಯಾರಿ ಮ್ಯಾಕೆಲ್‌ಹೋನ್ ಎಂಬ ಪಾನೀಯಕಾರನು ತನ್ನ ಪಾನೀಯಗ್ರಂಥದಲ್ಲಿ ಇದನ್ನು ನೌಕಾಪಡೆಯವರಿಗೆ ಪ್ರಿಯವಾದುದೆಂದು ಹೇಳಿ, ಜಿನ್ ಮತ್ತು ಕಾರ್ಡಿಯಲ್ ಸಮಭಾಗವೆಂದು ವಿಧಿಸಿದನು. ರೇಮಂಡ್ ಚಾಂಡ್ಲರನ 1953ರ ‘ದಿ ಲಾಂಗ್ ಗುಡ್‌ಬೈ’ ಕಾದಂಬರಿಯ ಪಾತ್ರವೊಂದು ಅದೇ ಅಳತೆಯನ್ನು ಎತ್ತಿಹಿಡಿದುದರಿಂದ ಆ ವಿಧಿಗೆ ಶಾಸ್ತ್ರದ ಗೌರವವೇ ಪ್ರಾಪ್ತವಾಯಿತು. ಪರಂಪರೆಯಲ್ಲಿ ನನಗೆ ಆದರವಿದ್ದರೂ ಈ ಅಳತೆಯನ್ನು ಒಪ್ಪಲಾರೆ. ಸಮಭಾಗದ ಮಿಶ್ರಣದಲ್ಲಿ ಸಕ್ಕರೆಯು ನಾಲಗೆಯನ್ನು ಪೂರ್ತಿಯಾಗಿ ಆವರಿಸಿ, ಜಿನ್ನಿನ ಜೀವಾಳವಾದ ಜೂನಿಪರ್ ಕಾಯಿಯ ರಾಳಗಂಧವನ್ನು ಅಡಗಿಸಿಬಿಡುತ್ತದೆ; ಕಾರ್ಖಾನೆಯ ಕಾರ್ಡಿಯಲ್ಲಿನಲ್ಲಿ ಹಣ್ಣಿನ ಪರಿಮಳವೂ ಬಹುಮಟ್ಟಿಗೆ ಮಾಸಿಹೋಗಿರುತ್ತದೆ.

ಹಾಗೆಂದು ತಾಜಾ ರಸದ ಪಂಥಕ್ಕೆ ಜಯವನ್ನು ಒಪ್ಪಿಸಿಬಿಡುವುದೂ ಉಚಿತವಲ್ಲ. ಹಿಂಡಿದ ರಸದಲ್ಲಿ ಹುಳಿಯ ತೀಕ್ಷ್ಣತೆಯಿದೆ, ಉಜ್ಜ್ವಲತೆಯಿದೆ. ಆದರೆ ನಿಂಬೆಯ ಸೌರಭದ ಬಹುಭಾಗವು ನೆಲೆಸಿರುವುದು ಸಿಪ್ಪೆಯ ಹೊರಪದರದ ತೈಲಕೋಶಗಳಲ್ಲಿ. ರಸವನ್ನು ಮಾತ್ರ ತೆಗೆದುಕೊಂಡು ಸಿಪ್ಪೆಯನ್ನು ಎಸೆಯುವವನು ಹಣ್ಣಿನ ಹುಳಿಯನ್ನು ಪಡೆದು ಅದರ ಕಂಪನ್ನು ಕಳೆದುಕೊಳ್ಳುತ್ತಾನೆ. ರೋಸನ ವಿಧಾನವು ರಸವನ್ನು ಕಾಯುವುದಕ್ಕಾಗಿ ಬಂದುದು. ಶೀತಪೆಟ್ಟಿಗೆಯಿರುವ ಮನೆಗೆ ಆ ಕಾವಲಿನ ಅಗತ್ಯ ಅಷ್ಟಾಗಿ ಉಳಿದಿಲ್ಲ. ಆದರೆ ಸಿಪ್ಪೆಯ ತೈಲವನ್ನು ಸೆಳೆದು ತನ್ನಲ್ಲಿ ಹಿಡಿದಿಡುವ ಶಕ್ತಿಯು ಕಾರ್ಡಿಯಲ್ಲಿನ ಸಕ್ಕರೆಗಿರುವುದರಿಂದ, ಅದರ ತತ್ತ್ವವನ್ನು ಉಳಿಸಿಕೊಂಡು ಸೀಸೆಯನ್ನು ಮಾತ್ರ ಬಿಡುವುದು ವಿವೇಕ.

ವಿಧಾನವು ಹೀಗೆ: ನಾಲ್ಕೈದು ನಿಂಬೆಹಣ್ಣುಗಳ ಮೇಲ್ಸಿಪ್ಪೆಯನ್ನು ಒಳಗಿನ ಬಿಳಿಯ ಕಹಿಪದರ ತಾಗದಂತೆ ತುರಿದು, 100 ಗ್ರಾಂ ಸಕ್ಕರೆಯೊಡನೆ ಬೆರಳುಗಳಿಂದ ಚೆನ್ನಾಗಿ ತಿಕ್ಕಿ, ಎರಡು ಮೂರು ಗಂಟೆ ಮುಚ್ಚಿಡಬೇಕು. ಸಕ್ಕರೆಯು ತೇವಗೊಂಡು ಸುಗಂಧಭರಿತವಾದ ಮೇಲೆ 100 ಮಿಲಿಲೀಟರ್ ತಾಜಾ ರಸವನ್ನೆರೆದು, ಒಲೆಯ ಮೇಲಿಡದೆಯೇ ಕರಗಿಸಿ, ಶೋಧಿಸಬೇಕು. ಕಾಯಿಸಿದರೆ ಕಂಪು ಹಾರಿಹೋಗುತ್ತದೆ. ಕೆಲವು ದಿನಗಳಲ್ಲಿಯೇ ಮುಗಿಸಬಹುದಾದಷ್ಟನ್ನು ಮಾತ್ರ ಮಾಡಿಕೊಳ್ಳುವುದು ಲೇಸು. ಬೇಸಗೆಯಲ್ಲಿ ಪಾನಕ ಕದಡಿ ಹುಳಿಸಿಹಿಗಳನ್ನು ನಾಲಗೆಯಿಂದಲೇ ತೂಗಬಲ್ಲ ನಮ್ಮ ಮನೆಗಳಿಗೆ ಈ ಕೆಲಸ ಅಪರಿಚಿತವೆನಿಸಲಾರದು. ವಿಜಯಪುರ ಜಿಲ್ಲೆಯ ಇಂಡಿಯ ಕಡೆ ಹೇರಳವಾಗಿ ಬೆಳೆಯುವ ತೆಳುಸಿಪ್ಪೆಯ ಸಣ್ಣ ನಿಂಬೆಯು, ರೋಸನ ಕಾರ್ಡಿಯಲ್ಲಿಗೆ ರಸವನ್ನೊದಗಿಸಿದ ವೆಸ್ಟ್ ಇಂಡೀಸಿನ ನಿಂಬೆಯ ಜಾತಿಗೇ ಸೇರಿದುದು. ಪಾಶ್ಚಾತ್ಯ ಪೇಟೆಗಳಲ್ಲಿ ಸಾಮಾನ್ಯವಾದ ಬೀಜರಹಿತ ದೊಡ್ಡ ನಿಂಬೆಗಿಂತ ಇದರ ಗಂಧ ತೀವ್ರತರವಾದುದು. ಈ ವಿಷಯದಲ್ಲಿ ಕನ್ನಡನಾಡಿನ ಗೃಹಸ್ಥನು ಲಂಡನ್ನಿನವನಿಗಿಂತ ಭಾಗ್ಯವಂತನೇ ಸರಿ.

ಇನ್ನು ಅಳತೆ: ಜಿನ್ 60 ಮಿಲಿಲೀಟರ್, ಮನೆಯ ಕಾರ್ಡಿಯಲ್ 20, ಅದೇ ಕ್ಷಣ ಹಿಂಡಿದ ರಸ 10. ಕಾರ್ಡಿಯಲ್ಲಿನಿಂದ ಕಂಪೂ ಮೈದುಂಬಿದ ಸಿಹಿಯೂ, ತಾಜಾ ರಸದಿಂದ ಹುಳಿಯ ಹರಿತವೂ ಬಂದು, ಎರಡು ಪಂಥಗಳ ಗುಣಗಳೂ ಒಂದೇ ಲೋಟದಲ್ಲಿ ಸಮನ್ವಯಗೊಳ್ಳುತ್ತವೆ. ಜಿನ್ ಮಾತ್ರ ಸಿಹಿಯಿಲ್ಲದ ಲಂಡನ್ ಡ್ರೈ ಬಗೆಯದಾಗಿರತಕ್ಕದ್ದು. ಜೂನಿಪರಿನ ಜೊತೆಗೆ ಅದರಲ್ಲಿ ಸಾಮಾನ್ಯವಾಗಿ ಕೊತ್ತಂಬರಿ ಬೀಜವೂ, ಅನೇಕ ವೇಳೆ ನಿಂಬೆ ಕಿತ್ತಳೆಗಳ ಒಣಸಿಪ್ಪೆಯೂ ಸೇರಿರುವುದರಿಂದ, ಹೊರಗಿನಿಂದ ಬರುವ ನಿಂಬೆಯು ಅಲ್ಲಿ ಬಂಧುಗಳನ್ನೇ ಕಾಣುತ್ತದೆ.

ಹಲವರು ಅಲಕ್ಷಿಸುವ ನಾಲ್ಕನೆಯ ಪದಾರ್ಥವೊಂದಿದೆ, ಅದು ನೀರು. ಗಟ್ಟಿಯಾದ ದೊಡ್ಡ ಮಂಜುಗಡ್ಡೆಗಳೊಡನೆ ಹತ್ತು ಹನ್ನೆರಡು ಸೆಕೆಂಡು ಬಲವಾಗಿ ಕುಲುಕಿದಾಗ ಪಾನೀಯವು ತಂಪಾಗುವುದಷ್ಟೇ ಅಲ್ಲದೆ, ಕರಗಿದ ನೀರು ಜಿನ್ನಿನ ಉರಿಯನ್ನು ತಗ್ಗಿಸಿ ಅದರ ಗಂಧಗಳನ್ನು ಬಿಡಿಸಿ ತೋರಿಸುತ್ತದೆ. ಆಗಲೇ ನೀರೊಡೆದ ಸಣ್ಣ ಚೂರುಗಳನ್ನು ಬಳಸಿದರೆ, ಸಾಕಷ್ಟು ತಂಪಾಗುವ ಮೊದಲೇ ಎಲ್ಲವೂ ನೀರುನೀರಾಗಿ ಸಪ್ಪೆಯಾಗುತ್ತದೆ.

ಗಿಮ್ಲೆಟ್ಟಿಗೆ ಒಂದು ಸ್ವಭಾವದೋಷವೂ ಉಂಟು. ನಮ್ಮ ದೇಶದಲ್ಲಿ ರೂಢವಾದ ಶೇಕಡಾ 42.8ರ ಜಿನ್ನನ್ನು 60 ಮಿಲಿಲೀಟರಿನಷ್ಟು ಸುರಿದಾಗ ಅದರಲ್ಲಿ ಸುಮಾರು 26 ಮಿಲಿಲೀಟರ್ ಶುದ್ಧ ಮದ್ಯಸಾರವಿದ್ದರೂ, ನಿಂಬೆಯ ಹುಳಿಸಿಹಿಯು ಅದನ್ನು ನಾಲಗೆಗೆ ತಿಳಿಯಗೊಡುವುದಿಲ್ಲ. ಆದುದರಿಂದ ಅಳೆದು ಸುರಿಯುವುದೂ, ಒಂದಕ್ಕೆ ನಿಲ್ಲಿಸುವುದೂ ಈ ಕಲೆಯ ಅಂಗಗಳೇ ಆಗಿವೆ. ಈ ಎಚ್ಚರವಿದ್ದಲ್ಲಿ ಗಿಮ್ಲೆಟ್ ಪ್ರಥಮಶ್ರೇಣಿಯ ಪಾನೀಯವೆಂದು ನಾನು ನಿಸ್ಸಂಕೋಚವಾಗಿ ಹೇಳಬಲ್ಲೆ. ಅದರ ಹಿರಿಮೆಯು ದುಬಾರಿ ಸೀಸೆಯನ್ನಾಗಲಿ ಗ್ರಂಥೋಕ್ತವಾದ ಅಳತೆಯನ್ನಾಗಲಿ ಅವಲಂಬಿಸಿಲ್ಲ. ಒಂದು ಹಣ್ಣಿನ ಸಿಪ್ಪೆಯನ್ನೂ ರಸವನ್ನೂ ಸಮಾನವಾದ ಆದರದಿಂದ ಕಾಣುವ ಕೈಯನ್ನು ಅವಲಂಬಿಸಿದೆ.