ಹಿನ್ನೆಲೆಗೆ ಸರಿಯದ ದನಿ: ನಂಜಮ್ಮನವರ ಹಾಡಿಕೆಯನ್ನು ಕೇಳುವ ಬಗೆ

ಆನೈಮಲೈ ಶ್ರೇಣಿಯಿಂದ ಪಾಲಕ್ಕಾಡು ಕಣಿವೆಯನ್ನು ದಾಟಿ ಉತ್ತರಕ್ಕೆ ಸರಿದರೆ, ಕೊಯಮತ್ತೂರು ಜಿಲ್ಲೆಗೆ ಒತ್ತಿಕೊಂಡಂತೆ ಅಟ್ಟಪ್ಪಾಡಿಯಿದೆ. ನಕ್ಷೆಯಲ್ಲಿ ಅದು ಕೇರಳ. ಇರುಳರು ಮಾತ್ರ ಗಡಿಯ ಎರಡೂ ಬದಿಗಳಲ್ಲಿದ್ದಾರೆ. ಅಲ್ಲಿಯ ನಂಜಮ್ಮ ದನ ಮೇಯಿಸುತ್ತ ಹಾಡಿದವರು, ಆಜಾದ್ ಕಲಾ ಸಮಿತಿಯೊಂದಿಗೆ ವೇದಿಕೆಗೆ ಬಂದವರು. ಸಚಿ ನಿರ್ದೇಶನದ ‘ಅಯ್ಯಪ್ಪನುಂ ಕೋಶಿಯುಂ’ (2020) ಚಿತ್ರಕ್ಕೆ ಇರುಳ ನುಡಿಯಲ್ಲಿ ತಾವೇ ಕಟ್ಟಿ ಹಾಡಿದ ‘ಕಲಕ್ಕಾತ್ತ’ಕ್ಕಾಗಿ, 2022ರಲ್ಲಿ ಪ್ರಕಟವಾದ 68ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಹಿನ್ನೆಲೆ ಗಾಯಕಿಯ ಗೌರವ ಅವರಿಗೆ ಸಂದಿತು.

ಆಗ ಎದ್ದ ವಿವಾದ ನೆನಪಿದೆ. ಶ್ರುತಿಗೆ ಹೊಂದಿಸಿಕೊಂಡು ಒಂದು ಸಾಮಾನ್ಯ ಚಿತ್ರಗೀತೆಯನ್ನು ಇವರು ಹಾಡಬಲ್ಲರೆ ಎಂದು ಸಂಗೀತವಲಯದಿಂದಲೇ ಪ್ರಶ್ನೆ ಬಂತು. ಹೃದಯದಿಂದ ಹಾಡಿದ್ದಾರೆ, ಅಷ್ಟು ಸಾಲದೆ ಎಂದು ಬೆಂಬಲಿಗರು ಉತ್ತರಿಸಿದರು. ನನ್ನ ತಕರಾರು ಬೆಂಬಲಿಗರೊಂದಿಗೇ ಹೆಚ್ಚು. ಟೀಕಾಕಾರರು ತಮ್ಮ ಅಳತೆಗೋಲನ್ನಾದರೂ ಮುಂದಿಟ್ಟರು. ಇವರು ಅಳೆಯಲು ಅಲ್ಲಿ ಏನೂ ಇಲ್ಲವೆಂಬಂತೆ ಮಾತಾಡಿದರು.

ಹಾಡನ್ನೇ ಕೇಳೋಣ. ಮೂಡಣದಲ್ಲಿ ಚಂದನದ ಮರ ಹೂಬಿಟ್ಟಿದೆ, ಕೊಯ್ಯಲು ಹೋಗೋಣವೆಂದು ಕರೆಯುವ ದನಿ ಅನತಿದೂರದಲ್ಲೇ ವಿಮಾನವನ್ನೂ ತೋರಿಸುತ್ತದೆ. ‘ಆದಿಮ’ ಎಂಬ ವಿಶೇಷಣವನ್ನು ಸಡಿಲಗೊಳಿಸಲು ಆ ವಿಮಾನವೊಂದೇ ಸಾಕು: ಪರಂಪರೆಯ ಅಚ್ಚಿನೊಳಗೆ ಈ ಹೊತ್ತಿನ ಕವಿ ಕೂತಿದ್ದಾಳೆ. ಸ್ವರವ್ಯಾಪ್ತಿ ಕಿರಿದು. ಆಲಂಕಾರಿಕ ಬಳುಕಿಲ್ಲ. ಆವರ್ತನೆಯೇ ಕಟ್ಟೋಣ, ಪ್ರತಿ ಮರುಕಳಿಕೆಯಲ್ಲೂ ಪದದ ಮೇಲಿನ ಒತ್ತು ತುಸು ಸರಿಯುತ್ತದೆ. ಜೇಕ್ಸ್ ಬಿಜೋಯ್ ಅವರ ವಾದ್ಯಸಂಯೋಜನೆ ಅದನ್ನು ಮುಚ್ಚದಿರುವುದು ವಿವೇಕದ ಕೆಲಸ.

ಇರುಳ ತಮಿಳಿನ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ಚರ್ಚೆ ಹಳೆಯದು. ಕಮಿಲ್ ಜ್ವೆಲೆಬಿಲ್ ಅದನ್ನು ಸ್ವತಂತ್ರ ದಕ್ಷಿಣ ದ್ರಾವಿಡ ಭಾಷೆಯೆಂದೇ ವಿವರಿಸಿದರು. ಅವರು ಗುರುತಿಸಿದ ಕೇಂದ್ರೀಕೃತ ಸ್ವರಗಳಿಗೆ ನಮ್ಮ ಲಿಪಿಯಲ್ಲಿ ಅಕ್ಷರವಿಲ್ಲ. ಕನ್ನಡಿಗ ಕಿವಿ ‘ಮರ’ವನ್ನು ಥಟ್ಟನೆ ಗುರುತಿಸಿ, ಅದರ ಮೊದಲ ಸ್ವರ ಬೇರೆಯೆಂಬುದನ್ನು ಬಿಟ್ಟುಬಿಡುತ್ತದೆ. ಅರ್ಥವಾಯಿತೆಂಬ ಈ ಅವಸರ ನಮ್ಮಂಥ ದ್ವಿಭಾಷಿಕರ ವಿಶೇಷ ದೋಷ.

ನಮ್ಮಲ್ಲೂ ಕಥೆ ಬೇರೆಯಲ್ಲ. 2017ರಲ್ಲಿ ಪದ್ಮಶ್ರೀ ಪಡೆದು 2025ರಲ್ಲಿ ತೀರಿಕೊಂಡ ಅಂಕೋಲೆಯ ಸುಕ್ರಿ ಬೊಮ್ಮಗೌಡರನ್ನು ಹಾಲಕ್ಕಿ ಹಾಡುಗಳ ಕಣಜವೆಂದು ಹೊಗಳಿದೆವು. ಎಷ್ಟು ಸಾವಿರ ಹಾಡು ಎಂದು ಎಣಿಸಿದೆವು. ಒಂದೇ ಹಾಡನ್ನು ಎರಡು ಸಂದರ್ಭಗಳಲ್ಲಿ ಆಕೆ ಹೇಗೆ ಬದಲಿಸುತ್ತಿದ್ದರೆಂದು ಕೇಳಿದವರು ಎಷ್ಟು ಜನ? ಕಣಜಕ್ಕೆ ಶೈಲಿಯಿರುವುದಿಲ್ಲವಷ್ಟೆ.

ಪ್ರಶಸ್ತಿಯ ಹೆಸರಲ್ಲೂ ಒಂದು ವ್ಯಂಗ್ಯವಿದೆ. ಹಿನ್ನೆಲೆ ಗಾಯನವೆಂದರೆ ಸಾಮಾನ್ಯವಾಗಿ ಬೇರೊಬ್ಬರ ಮುಖಕ್ಕೆ ದನಿ ಕೊಡುವುದು. ನಂಜಮ್ಮ ಹಾಡಿದ್ದು ತಮ್ಮದೇ ಹಾಡನ್ನು. ಅದೇ ಚಿತ್ರದಲ್ಲಿ ನಟಿಸಿದ್ದಾರೆ ಕೂಡ. ರಾಷ್ಟ್ರಪತಿಗಳಿಂದ ಪದಕ ಸ್ವೀಕರಿಸಿದ ಈ ಗಾಯಕಿ ತಮ್ಮ ಗಂಡನ ಮನೆತನದ ಭೂಮಿಗಾಗಿ ಕಚೇರಿಗಳ ಮೆಟ್ಟಿಲು ಹತ್ತಬೇಕಾಯಿತು. ಪರಭಾರೆಯಾದ ಆದಿವಾಸಿ ಭೂಮಿಯನ್ನು ಮರಳಿಸುವ ಕಾಯಿದೆಯನ್ನು ಕೇರಳ 1975ರಲ್ಲೇ ರೂಪಿಸಿತ್ತು.